ಆಟದ ಅಂಗಳ: ಚೊಚ್ಚಲ ಫಸಲು

ಸೋಲುತ್ತಿರುವ ತಂಡವೊಂದರ ಮೇಲ್ವಿಚಾರಣೆಗಿಂತ ಕಠಿಣವಾದ ಉದ್ಯೋಗ ಆಟದ ಪ್ರಪಂಚದಲ್ಲಿ ಮತ್ತೊಂದಿಲ್ಲ. ಗೆದ್ದ ದಿನ ಹೂಮಾಲೆ ಆಟಗಾರರ ಕೊರಳಿಗೆ ಬೀಳುತ್ತದೆ. ಸೋತ ದಿನ ನಿಂದೆಯ ಹೊರೆ ತರಬೇತುದಾರನ ತಲೆಗೆ ಬರುತ್ತದೆ. ದಾಂಡನ್ನು ತಪ್ಪಾಗಿ ಬೀಸಿದವನು ಅವನಲ್ಲ, ಕೈಗೆ ಬಂದ ಚೆಂಡನ್ನು ನೆಲಕ್ಕೆ ಚೆಲ್ಲಿದವನೂ ಅವನಲ್ಲ. ಆದರೂ ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಎಂಬ ಗಾದೆ ಅವನ ಪಾಲಿಗೆ ನಿಜವಾಗುತ್ತದೆ. ಇಂಥ ಇಕ್ಕಟ್ಟಿನಲ್ಲಿರುವವನು ಹೊಸ ಹುಡುಗನೊಬ್ಬನನ್ನು ಕಣಕ್ಕೆ ಇಳಿಸಬೇಕೆ, ಅಥವಾ ಹಳಬರನ್ನೇ ನೆಚ್ಚಿಕೊಂಡು ದಿನ ದೂಡಬೇಕೆ? ಹೊಸಬನು ಮಿಂಚಿದರೆ ಅದು ಹುಡುಗನ ಪ್ರತಿಭೆ. ಮುಗ್ಗರಿಸಿದರೆ ಆರಿಸಿದವನ ಅವಿವೇಕ. ಲೋಕದ ತೀರ್ಪು ಎಂದಿಗೂ ಹೀಗೆಯೇ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಜನಕ್ಕೆ ಈ ಸಮಸ್ಯೆಯನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಅಲ್ಲಿ ಮ್ಯಾನೇಜರು ಎಂದೊಡನೆ ನೆನಪಿಗೆ ಬರುವವನು ಕಾಫಿ ತೋಟದ ಮ್ಯಾನೇಜರು. ಧಣಿಗಳು ಅವನನ್ನು ಅಳೆಯುವುದು ಆ ವರ್ಷದ ಮೂಟೆಗಳ ಲೆಕ್ಕದಿಂದ. ಆದರೆ ಇಂದು ನೆಟ್ಟ ಕಾಫಿ ಗಿಡ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಹಳೆಯ ಗಿಡಗಳನ್ನು ಕಿತ್ತು ಹೊಸದನ್ನು ನೆಟ್ಟವನು ಆ ನಡುವಣ ವರ್ಷಗಳಲ್ಲಿ ಮಾತು ಕೇಳಲೇಬೇಕು. ಇನ್ನೂ ಒಂದು ಸಂಗತಿಯುಂಟು. ಎಳೆಯ ಗಿಡ ತನ್ನ ಶಕ್ತಿ ಮೀರಿ ಕಾಯಿ ಹೊತ್ತರೆ ರೆಂಬೆಗಳು ಒಣಗಿಹೋಗುತ್ತವೆ. ಹೂಮಳೆ ಬಿದ್ದು ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗಾದ ಮಾತ್ರಕ್ಕೆ ಅನುಭವಿಗಳಾರೂ ಫಸಲನ್ನು ಲೆಕ್ಕ ಹಾಕುವುದಿಲ್ಲ.

ರಣಜಿ ಪಂದ್ಯಗಳು ನಡೆಯುವ ತಿಂಗಳುಗಳೂ ಕಾಫಿ ಹಣ್ಣಿನ ಕೊಯ್ಲಿನ ತಿಂಗಳುಗಳೂ ಬಹುಮಟ್ಟಿಗೆ ಒಂದೇ. ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿಯೇ ಈ ವರ್ಷದ ಹೊಸಬರಲ್ಲಿ ಮೇಲಾದವರು ಯಾರು ಎಂಬ ಚರ್ಚೆಗೂ ಕಾವು ಏರುತ್ತದೆ. ಅಂತಹ ಚರ್ಚೆಗೆ ಕನ್ನಡನಾಡಿನಲ್ಲಿ 2009-10ರಷ್ಟು ಒಳ್ಳೆಯ ಋತು ದೊರೆಯುವುದು ಅಪರೂಪ.

ಅಂದಿನ ಕರ್ನಾಟಕ ತಂಡದ ಸ್ಥಿತಿಯನ್ನು ಮೊದಲು ನೆನೆಯಬೇಕು. 1995-96, 1997-98, 1998-99, ಹೀಗೆ ನಾಲ್ಕು ಋತುಗಳಲ್ಲಿ ಮೂರು ಬಾರಿ ರಣಜಿ ಪಾರಿತೋಷಕವನ್ನು ಗೆದ್ದಿದ್ದ ನಾಡಿಗೆ ಆಮೇಲೆ ಹತ್ತು ವರ್ಷ ಅದರ ದರ್ಶನವೇ ಆಗಿರಲಿಲ್ಲ. ತಂಡದ ತರಬೇತುದಾರರು ಸನತ್ ಕುಮಾರ್. ನಾಯಕರು ರಾಬಿನ್ ಉತ್ತಪ್ಪ. ಆ ಋತುವಿನಲ್ಲಿ ಮೀರತ್ತಿನಲ್ಲಿ ಉತ್ತರ ಪ್ರದೇಶದ ವಿರುದ್ಧ ಅಭಿಮನ್ಯು ಮಿಥುನ್ ಎಂಬ ಇಪ್ಪತ್ತು ವರ್ಷದ ತರುಣ ಮೊದಲ ಬಾರಿ ಕಣಕ್ಕೆ ಇಳಿದರು. ಶಾಲೆಯ ದಿನಗಳಲ್ಲಿ ಚಕ್ರ ಎಸೆತವನ್ನು ಅಭ್ಯಾಸ ಮಾಡಿದ್ದ ಅವರು ಚರ್ಮದ ಚೆಂಡನ್ನು ಕೈಗೆತ್ತಿಕೊಂಡದ್ದೇ ಹದಿನೇಳನೆಯ ವಯಸ್ಸಿನಲ್ಲಿ. ಆದರೂ ಆ ಮೊದಲ ಪಂದ್ಯದಲ್ಲಿ ಅವರಿಗೆ ಸಂದದ್ದು 11 ವಿಕೆಟ್ಟುಗಳು. ಅವುಗಳಲ್ಲಿ ಒಂದು ಹ್ಯಾಟ್ರಿಕ್ಕೂ ಸೇರಿತ್ತು. ಋತು ಮುಗಿಯುವ ವೇಳೆಗೆ 47 ವಿಕೆಟ್ಟುಗಳನ್ನು ಉರುಳಿಸಿ ಅವರು ದೇಶದ ಎಲ್ಲ ಬೌಲರುಗಳಿಗಿಂತ ಮುಂದಿದ್ದರು.

ಅದೇ ತಂಡದಲ್ಲಿ ಇನ್ನೊಬ್ಬ ತರುಣರಿದ್ದರು: ಮನೀಶ್ ಪಾಂಡೆ. 2009ರ ಮೇ ತಿಂಗಳಿನಲ್ಲಿ ದಕ್ಷಿಣ ಆಫ್ರಿಕದ ಸೆಂಚುರಿಯನ್ನಿನಲ್ಲಿ ಶತಕ ಹೊಡೆದು, ಐ.ಪಿ.ಎಲ್. ಪಂದ್ಯದಲ್ಲಿ ಶತಕ ಗಳಿಸಿದ ಮೊದಲ ಭಾರತೀಯರೆಂಬ ಹೆಸರನ್ನು ಆಗಲೇ ಪಡೆದಿದ್ದರು. ರಣಜಿಯಲ್ಲಿ ಅವರು ಗಳಿಸಿದ 882 ರನ್ನುಗಳೂ ಆ ಋತುವಿನಲ್ಲಿ ದೇಶಕ್ಕೇ ಹೆಚ್ಚಿನವು. ಬೌಲಿಂಗಿನಲ್ಲಿ ಮೊದಲಿಗರೂ ದಾಂಡಿಗರಲ್ಲಿ ಮೊದಲಿಗರೂ ಒಂದೇ ತಂಡದವರು, ಇಬ್ಬರೂ ಇಪ್ಪತ್ತರ ಹರೆಯದವರು! ಯಾರು ಹೆಚ್ಚು?

ಪಾಂಡೆಯವರ ಪಕ್ಷದವರು ರನ್ನುಗಳ ರಾಶಿಯನ್ನು ತೋರಿಸುತ್ತಿದ್ದರು. ಮಿಥುನ್ ಪಕ್ಷದವರ ವಾದ ಬೇರೆ. ಪಾಂಡೆಯವರಿಗೆ ಅದು ಮೊದಲ ಋತುವಲ್ಲ. ಒಮ್ಮೆ ನೀರು ಕುಡಿದ ಗಿಡವನ್ನು ಹೊಸ ಸಸಿಯೆಂದು ಕರೆಯುವುದು ಹೇಗೆ? ಮೇಲಾಗಿ ರನ್ನು ಎಷ್ಟು ಗಳಿಸಿದರೂ ಎದುರಾಳಿಯ ಇಪ್ಪತ್ತು ವಿಕೆಟ್ಟು ಬೀಳದೆ ನೇರ ಗೆಲುವು ಬಾರದು. ಈ ಎರಡು ವಾದಗಳಲ್ಲಿಯೂ ಹುರುಳಿತ್ತು. ಕ್ರಿಕೆಟ್ಟಿನ ಚರ್ಚೆಯ ಸೊಗಸೇ ಅದು. ಯಾರೂ ಪೂರ್ತಿ ಸೋಲಬೇಕಾಗಿಲ್ಲ.

ಆದರೆ ಪಂದ್ಯದಲ್ಲಿ ಒಬ್ಬರು ಸೋಲಲೇಬೇಕು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿಯೊಡನೆ ಅಂತಿಮ ಪಂದ್ಯ ನಡೆಯಿತು. ಮುಂಬಯಿ ಮೊದಲು 233 ರನ್ನು ಗಳಿಸಿತು. ಕರ್ನಾಟಕ 130ಕ್ಕೆ ಕುಸಿಯಿತು. ಮುಂಬಯಿಯ ಎರಡನೆಯ ಸರದಿ 234ಕ್ಕೆ ಮುಗಿದಾಗ ಕರ್ನಾಟಕದ ಮುಂದಿದ್ದ ಗುರಿ 338. ಪಾಂಡೆ 144 ರನ್ನು ಹೊಡೆದರು. ಮೈದಾನದ ಸುತ್ತ ಜನ ಕಿಕ್ಕಿರಿದು ನಿಂತರು. ಕೊನೆಗೆ ಕರ್ನಾಟಕದ ಆಟ 331ಕ್ಕೆ ನಿಂತುಹೋಯಿತು. ಅಂತರ ಕೇವಲ ಆರು ರನ್ನು. ಒಂದೇ ಒಂದು ಹೊಡೆತ ಬೇಲಿಯನ್ನು ದಾಟಿದ್ದರೆ ಸರಿಸಮ. ಇನ್ನೊಂದು ರನ್ನು ಬಂದಿದ್ದರೆ ಗೆಲುವು!

ಆ ಸಂಜೆ ಪಾರಿತೋಷಕ ಮುಂಬಯಿಗೆ ಹೋಯಿತು. ಪಟ್ಟಿಯಲ್ಲಿ ಕರ್ನಾಟಕದ ಹೆಸರಿನ ಮುಂದೆ ಉಳಿದದ್ದು ಸೋಲೆಂಬ ಎರಡಕ್ಷರ. ಆದರೆ ಆ ಋತುವನ್ನು ಸೋಲೆಂದು ಬರೆದುಕೊಳ್ಳುವುದು ಸರಿಯೆ? ಮಿಥುನ್ ಅದೇ ವರ್ಷದ ಜುಲೈಯಲ್ಲಿ ಗಾಲೆಯಲ್ಲಿ ಭಾರತದ ಪರ ಟೆಸ್ಟ್ ಆಡಿದರು. ಟೆಸ್ಟ್ ಪಂದ್ಯಗಳು ಅವರಿಗೆ ನಾಲ್ಕೇ ದೊರೆತವು. ಆದರೂ ನಾಡಿಗಾಗಿ ಬೆವರು ಸುರಿಸುವುದನ್ನು ಅವರು ನಿಲ್ಲಿಸಲಿಲ್ಲ. 2021ರಲ್ಲಿ ನಿವೃತ್ತರಾಗುವ ಹೊತ್ತಿಗೆ 103 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 338 ವಿಕೆಟ್ಟುಗಳು ಅವರ ಲೆಕ್ಕದಲ್ಲಿದ್ದವು. ಮೈಸೂರಿನ ಸೋಲನ್ನು ಉಂಡ ತರುಣರಲ್ಲಿ ಹಲವರು 2013-14ರಲ್ಲಿ ವಿನಯ್ ಕುಮಾರರ ನಾಯಕತ್ವದಲ್ಲಿ, ಜೆ. ಅರುಣ್ ಕುಮಾರರ ತರಬೇತಿಯಲ್ಲಿ, ಪಾರಿತೋಷಕವನ್ನು ಮರಳಿ ಮನೆಗೆ ತಂದರು. ಮರುವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ. ನೆಟ್ಟವನೊಬ್ಬ, ಕೊಯ್ದವನೊಬ್ಬ, ತೋಟ ಮಾತ್ರ ಒಂದೇ.

ಸನತ್ ಕುಮಾರರ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಅವರು ಅಸ್ಸಾಮಿನ ತಂಡದ ಹೊಣೆ ಹೊತ್ತರು. ರಣಜಿಯಲ್ಲಿ ಅಸ್ಸಾಮನ್ನು ಗಣನೆಗೆ ತೆಗೆದುಕೊಳ್ಳುತ್ತಿದ್ದವರೇ ಕಡಮೆ. ಅಂಥ ತಂಡ 2015-16ರಲ್ಲಿ ಮೊತ್ತಮೊದಲ ಬಾರಿಗೆ ಸೆಮಿಫೈನಲನ್ನು ಮುಟ್ಟಿತು. ಆರು ರನ್ನುಗಳಿಂದ ಕೈತಪ್ಪಿದ ಯಶಸ್ಸು ಬ್ರಹ್ಮಪುತ್ರೆಯ ದಡದಲ್ಲಿ ಬೇರೊಂದು ರೂಪದಲ್ಲಿ ದೊರೆತಂತಾಯಿತು.

ಹೊಸಬರ ಭಾಗ್ಯದ ಏರಿಳಿತವನ್ನು ಕಾಣಬೇಕಾದರೆ ಕರುಣ್ ನಾಯರ್ ಅವರ ಕಥೆಯನ್ನು ಗಮನಿಸಬೇಕು. 2013-14 ಅವರ ಮೊದಲ ರಣಜಿ ಋತು. ಅದರಲ್ಲಿಯೇ ಸಾಲಾಗಿ ಮೂರು ಶತಕ. 2015ರ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ 328 ರನ್ನು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನೆದುರು, ತಮ್ಮ ಮೂರನೆಯ ಟೆಸ್ಟಿನಲ್ಲಿಯೇ, ಔಟಾಗದೆ 303. ಹೊಸಬನೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಹೂವು ಬೇಕೆ? ಆದರೆ ಮರುವರ್ಷದ ಮಾರ್ಚಿನ ಬಳಿಕ ಅವರಿಗೆ ಟೆಸ್ಟ್ ತಂಡದ ಬಾಗಿಲು ಮುಚ್ಚಿತು. ಮುಂದೆ ಕರ್ನಾಟಕದ ತಂಡದಲ್ಲಿಯೂ ಸ್ಥಾನ ಉಳಿಯಲಿಲ್ಲ. ವಿದರ್ಭಕ್ಕೆ ಹೋಗಿ, 2024-25ರಲ್ಲಿ ಆ ತಂಡ ರಣಜಿ ಗೆಲ್ಲಲು ನೆರವಾಗಿ, 2025ರ ಜೂನಿನಲ್ಲಿ ಅವರು ಮತ್ತೆ ಭಾರತದ ಟೆಸ್ಟ್ ತಂಡವನ್ನು ಸೇರಿದರು. ನಡುವೆ ಕಳೆದುಹೋದದ್ದು ಎಂಟು ವರ್ಷ.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಗುಂಡಪ್ಪ ವಿಶ್ವನಾಥರ ಚರಿತ್ರೆ. ಕುದುರೆಮುಖದ ಕಡೆ ಹುಟ್ಟಿ, ಕಳಸದ ಬಳಿ ಹರಿದು, ಬಾಳೆಹೊನ್ನೂರನ್ನು ಹಾದು ಇಳಿಯುವ ಭದ್ರಾನದಿಯ ದಡದ ಭದ್ರಾವತಿಯೇ ಅವರ ಹುಟ್ಟೂರು. 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಮೈಸೂರಿನ ಪರ ಮೊದಲ ಪಂದ್ಯವಾಡಿದಾಗ ಅವರು ಗಳಿಸಿದ್ದು 230 ರನ್ನು. ಎರಡು ವರ್ಷಗಳ ನಂತರ ಕಾನಪುರದಲ್ಲಿ ಆಸ್ಟ್ರೇಲಿಯದೆದುರು ಟೆಸ್ಟ್ ಪ್ರವೇಶ. ಮೊದಲ ಸರದಿಯಲ್ಲಿ ಸೊನ್ನೆ! ಆಗ ಭಾರತ ತಂಡಕ್ಕೆ ಬೇರೆ ತರಬೇತುದಾರನೆಂಬುವನಿರಲಿಲ್ಲ. ನಾಯಕನೇ ಗುರು, ನಾಯಕನೇ ಹಿರಿಯಣ್ಣ. ನಾಯಕರಾಗಿದ್ದ ಪಟೌಡಿಯವರು ತಮ್ಮ ಬಳಿ ಬಂದು, ಚಿಂತಿಸಬೇಡ, ನೀನು ಶತಕ ಹೊಡೆಯುತ್ತೀಯೆ ಎಂದು ಧೈರ್ಯ ತುಂಬಿದರೆಂಬುದನ್ನು ವಿಶ್ವನಾಥರು ಅನೇಕ ಸಲ ನೆನೆದಿದ್ದಾರೆ. ಎರಡನೆಯ ಸರದಿಯಲ್ಲಿ ಅವರು ಹೊಡೆದದ್ದು 137.

ಈ ಶತಕಕ್ಕೆ ಇನ್ನೊಂದು ಮಹತ್ವವೂ ಇದೆ. ಅದಕ್ಕೆ ಮುಂಚೆ ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ್ ಸಿಂಗ್, ಈ ಐವರು ಭಾರತೀಯರು ಮೊದಲ ಟೆಸ್ಟಿನಲ್ಲಿಯೇ ಶತಕ ಗಳಿಸಿದ್ದರು. ಅವರಲ್ಲಿ ಒಬ್ಬರೂ ಎರಡನೆಯ ಟೆಸ್ಟ್ ಶತಕವನ್ನು ಕಾಣಲಿಲ್ಲ. ವಿಶ್ವನಾಥರು ಆ ಶಾಪವನ್ನು ಮುರಿದು, 91 ಟೆಸ್ಟುಗಳಲ್ಲಿ 14 ಶತಕಗಳನ್ನೂ 6,080 ರನ್ನುಗಳನ್ನೂ ಗಳಿಸಿದರು. ಹೂವು ಐದು ಗಿಡಗಳಲ್ಲಿಯೂ ಅರಳಿತ್ತು. ಫಸಲು ನಿಂತದ್ದು ಆರನೆಯದರಲ್ಲಿ.

ಚಿಕ್ಕಮಗಳೂರು ಜಿಲ್ಲೆಯವರು ಈ ಚರ್ಚೆಯಲ್ಲಿ ತಮ್ಮ ಮಗಳ ಹೆಸರನ್ನು ಮುಂದಿಟ್ಟರೆ ಅದರಲ್ಲಿ ಊರಿನ ಅಭಿಮಾನ ಮಾತ್ರ ಇದೆಯೆಂದು ತಳ್ಳಿಹಾಕುವಂತಿಲ್ಲ. ಕಡೂರಿನ ವೇದಾ ಕೃಷ್ಣಮೂರ್ತಿಯವರು ಬೀದಿಯಲ್ಲಿ ಗಂಡುಹುಡುಗರ ಜತೆ ಆಡಿ ಬೆಳೆದವರು. ಹದಿಮೂರರ ವಯಸ್ಸಿನಲ್ಲಿ ಆಟ ಕಲಿಯಲು ಬೆಂಗಳೂರಿಗೆ ಬಂದವರು. 2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯವಾಡಿದಾಗ ಅವರಿಗೆ ಹದಿನೆಂಟು ವರ್ಷ. ಗಳಿಸಿದ್ದು 51 ರನ್ನು. ಆದರೆ ಸ್ಥಾನ ಭದ್ರವಾಗಲಿಲ್ಲ. ತಂಡದ ಹೊರಗೂ ಅವರು ಕಾಯಬೇಕಾಯಿತು.

ಆರು ವರ್ಷಗಳ ಬಳಿಕ, 2017ರ ವಿಶ್ವಕಪ್ಪಿನಲ್ಲಿ, ಅದೇ ಡರ್ಬಿ ಮೈದಾನದಲ್ಲಿ ನ್ಯೂಜಿಲೆಂಡಿನೊಡನೆ ನಿರ್ಣಾಯಕ ಪಂದ್ಯ. ಸೋತರೆ ಊರಿಗೆ ಮರಳಬೇಕು. ವೇದಾ 45 ಚೆಂಡುಗಳಲ್ಲಿ 70 ರನ್ನು ಸಿಡಿಸಿದರು. ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ನಿಗೆ 5 ವಿಕೆಟ್ಟು ಕಿತ್ತರು. ಎಂಟು ದಿನಗಳ ನಂತರ ಲಾರ್ಡ್ಸಿನ ಅಂತಿಮ ಪಂದ್ಯದಲ್ಲಿ ವೇದಾ 35 ರನ್ನು ಗಳಿಸಿದರೂ ಭಾರತ ಒಂಬತ್ತು ರನ್ನುಗಳಿಂದ ಸೋತಿತು. ಮೈಸೂರಿನಲ್ಲಿ ಆರು, ಲಾರ್ಡ್ಸಿನಲ್ಲಿ ಒಂಬತ್ತು! ಆದರೆ ಆ ಸೋಲನ್ನು ನೋಡಿದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ದಾಂಡು ಬಂತು. 2025ರ ಜುಲೈಯಲ್ಲಿ ವೇದಾ ನಿವೃತ್ತರಾದರು. ಅದೇ ವರ್ಷದ ನವೆಂಬರಿನಲ್ಲಿ ಭಾರತದ ವನಿತೆಯರು ವಿಶ್ವಕಪ್ಪನ್ನು ಗೆದ್ದರು.

ಹಾಗಾದರೆ ಹೊಸಬರಲ್ಲಿ ಮೇಲಾದವರನ್ನು ಗುರುತಿಸುವ ಅಳತೆಗೋಲು ಯಾವುದು? ರನ್ನು, ವಿಕೆಟ್ಟುಗಳ ಲೆಕ್ಕ ಬೇಕೇಬೇಕು. ಅದು ಕಣ್ಣಿಗೆ ಕಾಣುವ ಹೂವು. ಅದಕ್ಕಿಂತ ಮುಖ್ಯವಾದವು ಎರಡು. ತಂಡ ಇಕ್ಕಟ್ಟಿನಲ್ಲಿದ್ದಾಗ ಆ ಆಟ ಬಂತೆ ಎಂಬುದು ಒಂದು. ಮೊದಲ ಸೊನ್ನೆ ಬಂದ ಮರುದಿನ ಅವರು ಹೇಗೆ ಮೈದಾನಕ್ಕೆ ನಡೆದರೆಂಬುದು ಇನ್ನೊಂದು. ಈ ಎರಡನೆಯದು ಆಟಗಾರನ ಪರೀಕ್ಷೆಯಷ್ಟೇ ಅಲ್ಲ, ಅವನ ಹಿರಿಯರ ಪರೀಕ್ಷೆಯೂ ಹೌದು. ಕಾನಪುರದ ಮೊದಲ ಸರದಿಯಲ್ಲಿ ಸೊನ್ನೆ ಗಳಿಸಿದ ಹುಡುಗನನ್ನು ಹಿರಿಯರು ಮಾತಾಡಿಸದೆ ಬಿಟ್ಟಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಹೆಗಲ ಮೇಲೆ ಇಟ್ಟ ಒಂದು ಕೈ, ಸಕಾಲದಲ್ಲಿ ಆಡಿದ ಒಂದು ಮಾತು ಆರು ಸಾವಿರ ರನ್ನುಗಳಿಗೆ ಬುನಾದಿಯಾಯಿತು.

ಕಾಫಿ ತೋಟದಲ್ಲಿ ನೆರಳು ಮರಗಳನ್ನು ಬೆಳೆಸುವುದು ಅವುಗಳ ಹಣ್ಣಿಗಾಗಿ ಅಲ್ಲ. ಮೂಟೆಗಳ ಲೆಕ್ಕದಲ್ಲಿ ಅವುಗಳ ಹೆಸರು ಬರುವುದೂ ಇಲ್ಲ. ಆದರೂ ಕೆಳಗಿನ ಎಳೆ ಗಿಡ ಬೇಸಗೆಯ ಬಿಸಿಲನ್ನು ತಾಳಿಕೊಳ್ಳುವುದು ಅವುಗಳಿಂದಲೇ. ಸೋಲುವ ತಂಡದ ತರಬೇತುದಾರನನ್ನು ನಿಂದಿಸಲು ಹೊರಡುವವರು ಅಂಕಪಟ್ಟಿಯ ಜತೆಗೆ ಅವನ ನೆರಳಿನಲ್ಲಿ ಎಷ್ಟು ಸಸಿಗಳು ಬೇರೂರಿವೆ ಎಂಬುದನ್ನೂ ಒಮ್ಮೆ ನೋಡುವುದು ಒಳ್ಳೆಯದು.