ಸಿಹಿ ತಿನ್ನದಿದ್ದರೆ ಶುಗರ್ ಬರುವುದಿಲ್ಲವೇ? ನಿಜ ಏನು?

‘ಸಿಹಿ ಬಿಟ್ಟರೆ ಶುಗರ್ ಬರಲ್ಲ’, ‘ಹಾಗಲಕಾಯಿ ರಸ ಕುಡಿಯಿರಿ, ಮಾತ್ರೆ ಬಿಡಿ’. ಇಂಥ ಫಾರ್ವರ್ಡ್‌ಗಳು ನಮಗೂ ಬರುತ್ತವೆ. ಎರಡೂ ತಪ್ಪು.

ಅನ್ನ, ಮುದ್ದೆ, ಚಪಾತಿ ಯಾವುದೇ ತಿಂದರೂ ಜೀರ್ಣವಾದಾಗ ಗ್ಲೂಕೋಸ್ ಸಿಗುತ್ತದೆ. ಅದು ರಕ್ತದಿಂದ ಜೀವಕೋಶಗಳನ್ನು ಸೇರಲು ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ. ಇದೇ ಮಧುಮೇಹ. ಹೆಚ್ಚಿನವರಲ್ಲಿ ಕಾಣುವ ಟೈಪ್ 2 ಮಧುಮೇಹಕ್ಕೆ ಅನುವಂಶೀಯತೆ, ಹೊಟ್ಟೆಯ ಬೊಜ್ಜು, ಮೈಗೆ ವ್ಯಾಯಾಮವಿಲ್ಲದ ಬದುಕು ಎಲ್ಲವೂ ಕಾರಣವಾಗಬಹುದು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಅಂದರೆ ವಯಸ್ಕರಲ್ಲಿ ಶೇ 11.4. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಎಷ್ಟೋ ಜನರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣುವುದಿಲ್ಲ. ಅಷ್ಟರಲ್ಲಿ ಕಣ್ಣು, ಕಿಡ್ನಿ, ನರಗಳಿಗೆ ಹಾನಿ ಆಗಿರಬಹುದು. ಆದ್ದರಿಂದ ರಕ್ತಪರೀಕ್ಷೆಯೇ ದಾರಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ವೈದ್ಯರು ಸಾಮಾನ್ಯವಾಗಿ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ.

ಹಾಗಲಕಾಯಿ ಪಲ್ಯ ಧಾರಾಳವಾಗಿ ತಿನ್ನಿ. ಆದರೆ ಫಾರ್ವರ್ಡ್ ನಂಬಿ ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ. ಟೈಪ್ 1 ಇರುವವರು ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.