ಮೂರು ತಾಲೂಕಿಗೆ ಮೂರು ಬಯಲು ಗುರುತಿಸಿ



ಕಂಬಳದ ಕರೆ, ಜಾತ್ರೆಯ ರಥಬೀದಿ, ಮದುವೆ ಹಾಲಿನ ಅಂಗಳ, ಚಾರ್ಮಾಡಿ ಘಾಟಿಯ ತಿರುವು. ನಮ್ಮ ಕಡೆ ಡ್ರೋನ್ ಹೆಚ್ಚಾಗಿ ಕಣ್ಣಿಗೆ ಬೀಳುವುದು ಇಲ್ಲೇ. ಹವ್ಯಾಸಕ್ಕೆ ಹಾರಿಸುವವರು ದೂರ ಇರಬೇಕಾದ ಜಾಗಗಳೂ ಇವೇ. ಹಾಗಾದರೆ ಎಲ್ಲಿ ಹಾರಿಸಬಹುದು ಎಂದು ವಿಚಾರಿಸಿದರೆ ಸಿಗುವ ಉತ್ತರ ಒಂದೇ: "ಡ್ರೋನ್ ಹಾರಿಸಲಿಕ್ಕಿಲ್ಲ." ಕಾನೂನು ಹಾಗೆ ಹೇಳುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹುಡುಗರು ಕದ್ದುಮುಚ್ಚಿ, ಸಿಕ್ಕಿದಲ್ಲಿ ಹಾರಿಸುವುದಕ್ಕೆ ಈ ಉತ್ತರವೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಕೇಂದ್ರ ಸರಕಾರ 2021ರ ಆಗಸ್ಟ್‌ನಲ್ಲಿ ಜಾರಿಗೆ ತಂದ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಮುಂಗಡ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಈ ಮಿತಿ 200 ಅಡಿಗೆ ಇಳಿಯುತ್ತದೆ. ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಬಜಪೆ ವಿಮಾನ ನಿಲ್ದಾಣದಿಂದ ಅಳೆದರೆ ಮೂಡುಬಿದಿರೆ ಪೇಟೆ, ಬಿ.ಸಿ. ರೋಡು, ಬೆಳ್ತಂಗಡಿ ಮೂರೂ ಈ 12 ಕಿ.ಮೀ. ವೃತ್ತದ ಹೊರಗಿವೆ. ಬಂಟ್ವಾಳ ತಾಲೂಕಿನದೇ ಆದ ಪೊಳಲಿ ವೃತ್ತದ ಒಳಗಿದೆ. ಒಂದೇ ತಾಲೂಕಿನೊಳಗೆ ಇಷ್ಟು ವ್ಯತ್ಯಾಸ ಇರುವಾಗ, ಹಾರಿಸುವ ದಿನವೇ ಕೇಂದ್ರ ಸರಕಾರದ ಡಿಜಿಟಲ್ ಸ್ಕೈ ಜಾಲತಾಣದ ವಲಯ ನಕ್ಷೆ ನೋಡುವುದು ಪ್ರತಿಯೊಬ್ಬನ ಕರ್ತವ್ಯ. ನಮ್ಮದು ಗುಡ್ಡದ ಮೇಲಿನ ರನ್‌ವೇ. ಅಲ್ಲಿ ಇಳಿಯುವ ವಿಮಾನದ ದಾರಿಗೆ ಅಡ್ಡ ಬರುವ ಆಟ ಯಾರಿಗೂ ಬೇಡ.

ಎರಡು ಕಿಲೋ ಒಳಗಿನ ಡ್ರೋನನ್ನು ಬರೀ ಹವ್ಯಾಸಕ್ಕೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಪ್ರಮಾಣಪತ್ರ ಬೇಡ ಎಂದರೆ ಕಲಿಕೆಯೂ ಬೇಡ ಎಂದಲ್ಲ. ನಮ್ಮ ನೆಲದಲ್ಲಿ ಕಲಿಯಲು ಬಹಳ ಇದೆ. ಪರದೆಯಲ್ಲಿ ಕಾಣುವ ಎತ್ತರ ಡ್ರೋನ್ ಮೇಲೆದ್ದ ಜಾಗದಿಂದ ಅಳೆದದ್ದು, ಅದರ ಕೆಳಗಿರುವ ನೆಲದಿಂದ ಅಲ್ಲ. ಬೈಲಿನಿಂದ ಮೇಲೆದ್ದು ಗುಡ್ಡದ ಕಡೆಗೆ ಹೋದರೆ, ಪರದೆ 30 ಮೀಟರ್ ತೋರಿಸುತ್ತಿರುವಾಗಲೇ ಎದುರಿಗೆ ಮರದ ತಲೆ ಬಂದಿರುತ್ತದೆ. ಸಿಗ್ನಲ್ ಕಡಿದಾಗ ತಾನಾಗಿ ಮರಳುವ ವ್ಯವಸ್ಥೆಯ ಎತ್ತರವನ್ನು ಸುತ್ತಲಿನ ತೆಂಗಿನ ಮರಗಳಿಗಿಂತ ಮೇಲೆ ಇಟ್ಟುಕೊಳ್ಳದವರ ಡ್ರೋನು ಯಾರದೋ ತೋಟದಲ್ಲಿ ಬೀಳುತ್ತದೆ. ಕೆಳಗೆ ಅಡಿಕೆ ಹೆಕ್ಕುವವರಿದ್ದರೆ? ಮಧ್ಯಾಹ್ನ ಮೇಲೆ ಕಡಲ ಕಡೆಯಿಂದ ಗಾಳಿ ಏರುತ್ತದೆ. ಗಾಳಿ ಬೀಸುವ ದಿಕ್ಕಿಗೇ ದೂರ ಹೋದ ಡ್ರೋನು ವಾಪಸು ಬರುವಾಗ ಗಾಳಿಗೆ ಎದುರಾಗಬೇಕು, ಬ್ಯಾಟರಿ ಸಾಲುವುದಿಲ್ಲ. ಯಂತ್ರ ಯಾವಾಗಲೂ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಲಿ.

ಗಡಾಯಿಕಲ್ಲು ಬೆಟ್ಟ, ಬಂಡಾಜೆ ಅರ್ಬಿ ಜಲಪಾತದ ಮೇಲೆ ಹಾರಿಸುವ ಆಸೆ ಬಿಡಿ. ಅದು ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ ಕಾಡು, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಅಲ್ಲಿ ಡ್ರೋನ್ ಎತ್ತುವುದು ತಪ್ಪು. ಗೂಡಿನಲ್ಲಿ ಮರಿಯಿರುವ ಹದ್ದಿಗೆ ಡ್ರೋನ್ ಶತ್ರು. ಕಂಬಳದ ಕೋಣಗಳೂ ಬೆದರುತ್ತವೆ. ಮನೆಯ ಹಿತ್ತಿಲು, ಬಾವಿಕಟ್ಟೆ, ನೇತ್ರಾವತಿಯ ಸ್ನಾನಘಟ್ಟದ ಮೇಲೆ ಕ್ಯಾಮರಾ ತಿರುಗಿಸುವವನನ್ನು ನಾನು ಹವ್ಯಾಸಿ ಎಂದು ಕರೆಯಲಾರೆ. ಅವನ ಮೇಲೆ ದೂರು ದಾಖಲಾಗಲಿ.

ಇನ್ನು ಆಡಳಿತದ ಪಾಲು. 2024ರಲ್ಲಿ ವೇಣೂರಿನ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆದಾಗಿನಂಥ ಜನಸಂದಣಿಯಲ್ಲಿ ನಿರ್ಬಂಧ ಬೇಕೇ ಬೇಕು. ಅದಕ್ಕೆ ನಿಯಮದಲ್ಲೇ ದಾರಿ ಇದೆ. ಎಸ್ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ಒಂದು ಜಾಗವನ್ನು ಒಮ್ಮೆಗೆ 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ಸಾರಿದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನವರೆಗೆ ಎಂಬುದು ಕನ್ನಡದಲ್ಲಿ ಪತ್ರಿಕೆಗೂ ಪಂಚಾಯತ್ ಫಲಕಕ್ಕೂ ಬರಲಿ. ಮೂಡುಬಿದಿರೆ ಮಂಗಳೂರು ಪೊಲೀಸ್ ಕಮಿಷನರೇಟಿಗೆ ಸೇರಿದೆ, ಬಂಟ್ವಾಳ ಮತ್ತು ಬೆಳ್ತಂಗಡಿ ಜಿಲ್ಲಾ ಎಸ್ಪಿಯವರಿಗೆ. ನಮ್ಮಂತೆ ಗಡಿಯಲ್ಲಿರುವವರಿಗೆ ಯಾರ ಆದೇಶ ಎಲ್ಲಿಯವರೆಗೆ ಎಂದು ತಿಳಿಯಬೇಡವೇ? ಬಾಯಿಮಾತಿನ ನಿಷೇಧಕ್ಕೆ ಅಂಚೂ ಇಲ್ಲ, ಅವಧಿಯೂ ಇಲ್ಲ.

ಜಾಗಕ್ಕೇನೂ ಬರ ಇಲ್ಲ. ಮನೆ, ವಿದ್ಯುತ್ ತಂತಿ ಇಲ್ಲದ ಮುರಕಲ್ಲಿನ ಪದವುಗಳು ಇನ್ನೂ ಉಳಿದಿವೆ. ಏಣೆಲು ಭತ್ತದ ಕೊಯ್ಲಾದ ಮೇಲೆ ಎಷ್ಟೋ ಬೈಲುಗದ್ದೆಗಳು ಮುಂದಿನ ಮಳೆಯವರೆಗೆ ಖಾಲಿ. ಗದ್ದೆಯ ಯಜಮಾನರ ಒಪ್ಪಿಗೆ ಪಡೆದು, ನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭಗಳ ಕಾಲವನ್ನು ಬಿಟ್ಟು, ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಿಕ್ಕಿದರೂ ಸಾಕು. ಅನುಭವ ಇದ್ದವರು ಹೊಸಬರಿಗೆ ಅಲ್ಲೇ ಕಲಿಸಬಹುದು. ಕಲಿಸಲು ನಾನೂ ತಯಾರಿದ್ದೇನೆ.

ಜಿಲ್ಲಾಧಿಕಾರಿಗಳು ಮೂರೂ ತಹಶೀಲ್ದಾರರಿಗೆ ಸೂಚನೆ ಕೊಟ್ಟು, ಈ ಮಳೆಗಾಲ ಮುಗಿಯುವುದರೊಳಗೆ ಹಸಿರು ವಲಯದಲ್ಲಿ ತಾಲೂಕಿಗೊಂದು ಬಯಲನ್ನು ಗುರುತಿಸಿ ಪ್ರಕಟಿಸಬೇಕೆಂದು ವಿನಂತಿ.

— ಒಬ್ಬ ಡ್ರೋನ್ ಹವ್ಯಾಸಿ, ಸಿದ್ದಕಟ್ಟೆ, ಬಂಟ್ವಾಳ ತಾಲೂಕು