ಲೆಕ್ಕ ನಮ್ಮ ಮಕ್ಕಳಿಗೆ ಬೇಡವೇ?



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ನಮ್ಮ ಕೇರಿಗಳಲ್ಲಿ ಕೇಳೋದು ಒಂದೇ ಮಾತು. ‘ಪಾಸಾದ್ನಲ್ಲ, ಸಾಕು ಬಿಡಿ. ಯಾವುದೋ ಒಂದಕ್ಕೆ ಸೇರಿಸಿದ್ರಾಯ್ತು.’ ಈ ‘ಯಾವುದೋ ಒಂದು’ ಎಂಬ ಮಾತಿನ ಬಗ್ಗೆಯೇ ನಾವು ಬರೆಯುತ್ತಿದ್ದೇವೆ. ಓದಿದವರ ಮನೆಯಲ್ಲಿ ಯಾವುದೋ ಒಂದು ಅಂತ ಇರೋದಿಲ್ಲ. ಮಗು ಎಂಟನೇ ಕ್ಲಾಸಿನಲ್ಲಿರುವಾಗಲೇ ಅಪ್ಪ, ಚಿಕ್ಕಪ್ಪ, ಸೋದರಮಾವ ಕೂತು ತೀರ್ಮಾನ ಮಾಡಿರ್ತಾರೆ. ನಮ್ಮ ಮಕ್ಕಳ ತೀರ್ಮಾನ ಮಾಡುವವರು ಅಡ್ಮಿಷನ್ ಕೌಂಟರಿನ ಗುಮಾಸ್ತರು.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ನಮ್ಮ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಒಂದು ಕಾಲೇಜಿಗೆ ಹೋದರು. ಹುಡುಗಿಗೆ ಕಂಪ್ಯೂಟರ್ ಓದುವ ಆಸೆ. ಲೆಕ್ಕದಲ್ಲಿ ಒಳ್ಳೆಯ ಅಂಕ ಇತ್ತು. ಅಲ್ಲಿ ಕೂತಿದ್ದವರು ಜಾತಿ ಸರ್ಟಿಫಿಕೇಟ್ ನೋಡಿದರು, ತಾಯಿಯ ಸೀರೆ ನೋಡಿದರು. ‘ಸೈನ್ಸ್ ಕಷ್ಟ ಆಗುತ್ತೆ ಅಮ್ಮ, ಮ್ಯಾಥ್ಸ್ ಇವಳಿಗೆ ಆಗಲ್ಲ. ಆರ್ಟ್ಸಿಗೆ ಹಾಕಿ, ಹೇಗೂ ಸ್ಕಾಲರ್‌ಶಿಪ್ ಬರುತ್ತಲ್ಲ’ ಅಂದರು. ಬೈಯಲಿಲ್ಲ. ಹೊರಗೆ ನಿಲ್ಲಿಸಲಿಲ್ಲ. ಅಂಕಪಟ್ಟಿಯನ್ನು ಮಾತ್ರ ನೋಡಲಿಲ್ಲ. ಆ ತಾಯಿ ಕೈಮುಗಿದು, ತೋರಿಸಿದ ಕಡೆ ಸಹಿ ಹಾಕಿ ಬಂದರು.

ಇದು ಹೊಸದೇನಲ್ಲ. ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕೆಂದರು. ಅಸ್ಪೃಶ್ಯರ ಹುಡುಗನಿಗೆ ಸಂಸ್ಕೃತ ಇಲ್ಲ ಅಂದರು. ಪರ್ಷಿಯನ್ ತೆಗೆದುಕೊಂಡು 1907ರಲ್ಲಿ ಮೆಟ್ರಿಕ್ ಪಾಸು ಮಾಡಬೇಕಾಯಿತು. ಮುಂದೆ ತಾವೇ ಪಟ್ಟು ಹಿಡಿದು ಸಂಸ್ಕೃತ ಕಲಿತರು ಅನ್ನೋದು ಬೇರೆ ಮಾತು. ಅಂದು ‘ಕೊಡೋದಿಲ್ಲ’ ಅಂದರು. ಇಂದು ‘ನಿಮ್ಮ ಕೈಲಿ ಆಗೋದಿಲ್ಲ’ ಅಂತಾರೆ. ಕೊಡೋದಿಲ್ಲ ಅಂದವನ ಮೇಲೆ ಸಿಟ್ಟು ಬರುತ್ತೆ. ಆಗೋದಿಲ್ಲ ಅಂದರೆ ನಮ್ಮ ಮೇಲೆ ನಮಗೇ ಅನುಮಾನ ಬರುತ್ತೆ. ಇದೇ ಹೆಚ್ಚು ಅಪಾಯ.

1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. ಸುತ್ತಲ ಹೊಲಗಳಲ್ಲಿ ರಾಗಿ ಕೊಯ್ದ ಕೂಲಿಯವರಲ್ಲಿ ನಮ್ಮವರೂ ಇದ್ದರು. ಈಗ ಅಲ್ಲೂ ವೈಟ್‌ಫೀಲ್ಡಿನಲ್ಲೂ ಗಾಜಿನ ಕಟ್ಟಡಗಳು. ಅದರೊಳಗೆ ನಮ್ಮವರು ಇಲ್ಲವೇ? ಇದ್ದಾರೆ. ಹೌಸ್‌ಕೀಪಿಂಗಿನಲ್ಲಿ, ಸೆಕ್ಯುರಿಟಿಯಲ್ಲಿ, ಕ್ಯಾಂಟೀನಿನ ತಟ್ಟೆ ತೊಳೆಯುವಲ್ಲಿ. ಆ ಕೆಲಸ ಕೀಳಲ್ಲ. ಆದರೆ ಮೂರು ತಲೆಮಾರಿಗೂ ಅದೇ ಯಾಕೆ?

ಆದ್ದರಿಂದ ದಾರಿಗಳನ್ನು ಬಿಡಿಸಿ ಹೇಳುತ್ತೇವೆ. ಓದಲು ಬಾರದ ತಂದೆತಾಯಿಗೆ ಇದನ್ನು ಓದಿ ಹೇಳಿ.

ಮೊದಲನೆಯದು, ಪಿಯುಸಿ ಸೈನ್ಸ್. ಕಂಪ್ಯೂಟರ್ ಎಂಜಿನಿಯರ್ ಆಗೋದಕ್ಕೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸೇ ಓದಿರಬೇಕು ಅಂತ ಬಹಳ ಜನ ತಿಳಿದಿದ್ದಾರೆ. ತಪ್ಪು. ಬೇಕೇಬೇಕಾದದ್ದು ಭೌತಶಾಸ್ತ್ರ ಮತ್ತು ಗಣಿತ. ಪಿಸಿಎಂಸಿ ಸಿಗದಿದ್ದರೆ ಪಿಸಿಎಂಬಿ ತಗೊಳ್ಳಿ, ಪಿಸಿಎಂಇ ತಗೊಳ್ಳಿ. ಎಂಜಿನಿಯರಿಂಗಿಗೆ ಸಿಇಟಿ ಪರೀಕ್ಷೆ ಇರೋದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೇ. ಒಂದೊಂದಕ್ಕೆ 60 ಅಂಕ. ರ್‍ಯಾಂಕಿನಲ್ಲಿ ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿ ಅಂಕ. ಅರ್ಹತೆಗೆ ಸಾಮಾನ್ಯ ವರ್ಗಕ್ಕೆ ಶೇ. 45 ಬೇಕು, ನಮ್ಮ ಮಕ್ಕಳಿಗೆ ಶೇ. 40. ‘ಕಂಪ್ಯೂಟರ್ ಸೀಟು ಮುಗಿದಿದೆ’ ಅಂದ ಕೂಡಲೇ ಲೆಕ್ಕವನ್ನೇ ಬಿಟ್ಟು ಬರಬೇಡಿ.

ಎರಡನೆಯದು, ಡಿಪ್ಲೊಮಾ. ಎಸ್.ಎಸ್.ಎಲ್.ಸಿ. ಆದ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ. ಮನೆಯಲ್ಲಿ ಬೇಗ ದುಡಿಮೆ ಬೇಕು ಅನ್ನೋರಿಗೆ ಇದು ಒಳ್ಳೆ ದಾರಿ. ಮುಂದೆ ಡಿಸಿಇಟಿ ಬರೆದರೆ ನೇರ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು.

ಮೂರನೆಯದು, ಬಿಸಿಎ. ಕಾಮರ್ಸಿನಲ್ಲೂ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ಇದೆ. ಅಲ್ಲಿಂದ ಬಿಸಿಎಗೆ ಹೋಗುವವರು ಬಹಳ. ಆದರೆ ಆಮೇಲೆ ಎಂಸಿಎ ಮಾಡಬೇಕಾದರೆ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿದ್ದರೆ ಒಳ್ಳೆಯದು. ಸೇರುವ ಮೊದಲೇ ಇದನ್ನು ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನು ಬಸ್‌ಸ್ಟ್ಯಾಂಡಿನ ಪಕ್ಕದ ಬೋರ್ಡುಗಳು. ಮೂರು ತಿಂಗಳು ಟೈಪಿಂಗು, ಟ್ಯಾಲಿ ಕಲಿಸಿ ‘ಸಾಫ್ಟ್‌ವೇರ್ ಕೆಲಸ ಗ್ಯಾರಂಟಿ’ ಅಂತಾರೆ. ಅದು ಕಲಿತರೆ ಅಂಗಡಿ ಲೆಕ್ಕ ಬರೆಯಬಹುದು, ಪ್ರೋಗ್ರಾಂ ಬರೆಯೋದಕ್ಕಾಗೋದಿಲ್ಲ. ಸಾಲ ಮಾಡಿ ಅಲ್ಲಿಗೆ ಕಟ್ಟಬೇಡಿ.

ಜಾತಿ, ಆದಾಯ ಸರ್ಟಿಫಿಕೇಟುಗಳನ್ನು ಆರ್‌ಡಿ ನಂಬರ್ ಸಮೇತ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ನಾಡಕಚೇರಿಗೆ ಓಡಿ ಸೀಟು ಕಳೆದುಕೊಳ್ಳಬೇಡಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯಾರ ದಯೆಯೂ ಅಲ್ಲ. ಬಾಬಾಸಾಹೇಬರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ, 1944ರಲ್ಲಿ, ಶುರುವಾದದ್ದು ಅದು. ತಲೆ ಎತ್ತಿ ತಗೊಳ್ಳಿ.

ನಮ್ಮೊಳಗೇ ಕೆಲವು ಗೆಳೆಯರು ಕೇಳುತ್ತಾರೆ. ‘ಭೂಮಿ, ಕೂಲಿ ಹೋರಾಟ ಬಿಟ್ಟು ಕಂಪನಿಗಳಿಗೆ ಆಳು ತಯಾರು ಮಾಡೋದಾ? ಅಲ್ಲಿ ಮೀಸಲಾತಿಯೂ ಇಲ್ಲ. ಈಗ ಯಂತ್ರವೇ ಪ್ರೋಗ್ರಾಂ ಬರೆಯುತ್ತಂತೆ.’ ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಇಲ್ಲ, ನಿಜ. ಅದಕ್ಕೆ ಹೋರಾಡೋಣ. ಆದರೆ ಆ ಹೋರಾಟ ಗೆದ್ದ ದಿನ ಬಾಗಿಲಲ್ಲಿ ನಿಲ್ಲಿಸೋದಕ್ಕೆ ಓದಿದ ಮಕ್ಕಳು ಬೇಡವೇ? ಯಂತ್ರ ಬರೆಯುತ್ತೆ ಅನ್ನೋದೂ ನಿಜ. ಹಾಗಂತ ಉಳ್ಳವರು ತಮ್ಮ ಮಕ್ಕಳನ್ನು ಲೆಕ್ಕ ಬಿಡಿಸಿದ್ದಾರೆಯೇ? ಇಲ್ಲ. ಯಂತ್ರಕ್ಕೆ ಹೇಳುವವನಿಗೂ ಅದು ಹೇಳಿದ್ದು ಸರಿಯೋ ತಪ್ಪೋ ನೋಡುವವನಿಗೂ ಲೆಕ್ಕ ಬೇಕು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೂತಿಲ್ಲ ಅಂತ ನಮ್ಮ ಮುದುಕಿಯನ್ನು ಅಕ್ಕಿ ಕೊಡದೆ ಕಳಿಸೋದೂ ಒಂದು ಪ್ರೋಗ್ರಾಮೇ. ಅದನ್ನು ಬರೆಯುವ ಕೋಣೆಯಲ್ಲಿ ನಮ್ಮವರು ಒಬ್ಬರಾದರೂ ಇರಲಿ.

ಆರ್ಟ್ಸ್ ಕೀಳು ಅಂತ ನಾವು ಹೇಳುತ್ತಿಲ್ಲ. ಬಾಬಾಸಾಹೇಬರು ಓದಿದ್ದು ಅರ್ಥಶಾಸ್ತ್ರ, ಕಾನೂನು. ಇಷ್ಟಪಟ್ಟು ಆರಿಸಿಕೊಂಡರೆ ಯಾವುದೂ ಒಳ್ಳೆಯದೇ. ಬೇರೆಯವರು ತಳ್ಳಿದ ಕಡೆ ಹೋಗಿ ಬೀಳೋದು ಬೇಡ ಅಂತಷ್ಟೇ ನಮ್ಮ ಮಾತು.

ಸರ್ಕಾರವನ್ನು ನಾವು ಕೇಳೋದಿಷ್ಟು. ನಮ್ಮ ಮಕ್ಕಳು ಓದುವ ಪ್ರತಿ ಸರ್ಕಾರಿ ಹೈಸ್ಕೂಲಿಗೂ ಗಣಿತದ ಮೇಷ್ಟ್ರು ಬೇಕು. ಕೈಗಾರಿಕಾ ಪ್ರದೇಶಗಳ ಸುತ್ತಲ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಸೈನ್ಸ್ ವಿಭಾಗ ಬೇಕು. ಹಾಸ್ಟೆಲಿನಲ್ಲಿ ಊಟದ ಜೊತೆ ಸಂಜೆ ಪಾಠವೂ ಬೇಕು.

ಕಂಪನಿ ಸೇರಿರುವ ನಮ್ಮವರನ್ನೂ ಒಂದು ಮಾತು ಕೇಳುತ್ತೇವೆ. ಐಡಿ ಕಾರ್ಡು ಕೊರಳಿಗೆ ಬಿದ್ದ ಮೇಲೆ ಕೇರಿಯ ದಾರಿ ಮರೆತವರಿದ್ದೀರಿ. ನಾವು ಬೈಯೋದಿಲ್ಲ. ಜಾತಿ ಗೊತ್ತಾದರೆ ಪಕ್ಕದ ಸೀಟಿನವನ ಮುಖ ಹೇಗೆ ಬದಲಾಗುತ್ತೆ ಅನ್ನೋದು ನಮಗೂ ಗೊತ್ತು. ಆದರೂ ಭಾನುವಾರ ಎರಡು ಗಂಟೆ ಬನ್ನಿ. ಅಂಬೇಡ್ಕರ್ ಭವನವೋ, ಯಾರದೋ ಮನೆ ಜಗಲಿಯೋ, ಎಲ್ಲಾದರೂ ಸರಿ, ಹತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡಿ.

ಕಾರ್ಯಕರ್ತರು ಮಾಡಬೇಕಾದ್ದು ಇನ್ನೂ ಸುಲಭ. ಅಡ್ಮಿಷನ್ ದಿನ ಒಬ್ಬ ತಾಯಿಯನ್ನೂ ಒಂಟಿಯಾಗಿ ಕೌಂಟರಿಗೆ ಕಳಿಸಬೇಡಿ. ಜೊತೆಗೆ ಹೋಗಿ. ‘ಇವಳಿಗೆ ಆಗಲ್ಲ’ ಅಂದರೆ ಅಂಕಪಟ್ಟಿ ಮುಂದಿಟ್ಟು, ‘ಎಲ್ಲಿ ಬರೆದಿದೆ ತೋರಿಸಿ ಸಾರ್’ ಅನ್ನಿ. ಅಷ್ಟು ಸಾಕು.

ಜೈಭೀಮ್.